ಕೆಲಸವನ್ನೇ ಮಾಡದ ‘ಹಸಲ್’ ಹೀರೋ

ಇನ್‌ಸ್ಟಾಗ್ರಾಂನಲ್ಲಿ ಆ ಮುಖವನ್ನು ನೀವೂ ನೋಡಿರುತ್ತೀರಿ. ಹಿಂದಕ್ಕೆ ಬಾಚಿದ ಕೂದಲು, ತಲೆ ಮೇಲೆ ವಾಕ್‌ಮನ್ ಹೆಡ್‌ಫೋನ್, ಆಫೀಸಿನ ಕಾರಿಡಾರ್‌ನಲ್ಲಿ ಯಾರ ಹಂಗೂ ಇಲ್ಲದ ನಡಿಗೆ. ಮೇಲೆ ‘ಸಿಗ್ಮಾ ಮೇಲ್’ ಅನ್ನೋ ಬರಹ, ಕೆಳಗೆ ಬೇಗ ಏಳು, ದುಡಿ, ಯಾರನ್ನೂ ನಂಬಬೇಡ ಎಂಬ ಥರದ ಉಪದೇಶ. ಅವನು ಪ್ಯಾಟ್ರಿಕ್ ಬೇಟ್‌ಮನ್. ಮೇರಿ ಹ್ಯಾರನ್ ನಿರ್ದೇಶಿಸಿದ, 2000ದಲ್ಲಿ ಬಂದ ‘ಅಮೆರಿಕನ್ ಸೈಕೋ’ ಸಿನಿಮಾದ ಸರಣಿ ಹಂತಕ. ಪಾತ್ರ ಮಾಡಿದ್ದು ಕ್ರಿಶ್ಚಿಯನ್ ಬೇಲ್.

ಬ್ರೆಟ್ ಈಸ್ಟನ್ ಎಲ್ಲಿಸ್ ಅವರ 1991ರ ಕಾದಂಬರಿಯನ್ನು ಲೂಕಾ ಗ್ವಾದನ್ಯೀನೊ ಮತ್ತೆ ತೆರೆಗೆ ತರುತ್ತಾರೆ ಅಂತ 2024ರ ಅಕ್ಟೋಬರ್‌ನಲ್ಲಿ ಘೋಷಣೆಯಾದ ಮೇಲೆ, ಹೊಸ ಬೇಟ್‌ಮನ್ ಯಾರು ಎಂಬ ಚರ್ಚೆಯೇ ಜೋರು. ಹಳೆಯವನನ್ನು ಹುಡುಗರು ಏನು ಮಾಡಿಟ್ಟಿದ್ದಾರೆ ಎಂಬ ಮಾತು ಕಡಿಮೆ.

ಸಿನಿಮಾ ಪೂರ್ತಿ ನೋಡಿ. ಈ ಮನುಷ್ಯ ಕೆಲಸ ಮಾಡೋದೇ ಇಲ್ಲ! ಆಫೀಸಿನಲ್ಲಿ ಟಿವಿ ನೋಡ್ತಾನೆ, ಹಾಡು ಕೇಳ್ತಾನೆ, ಪದಬಂಧದಲ್ಲಿ ‘ಮಾಂಸ’, ‘ಮೂಳೆ’ ಅಂತ ತುಂಬಿಸ್ತಾನೆ. ಡಾರ್ಸಿಯಾ ಅನ್ನೋ ಹೋಟೆಲಿನಲ್ಲಿ ಟೇಬಲ್ ಸಿಗಲಿಲ್ಲ ಅನ್ನೋದೇ ಅವನ ಜೀವನದ ದೊಡ್ಡ ನೋವು. ಕಂಪನಿ ಹೆಚ್ಚುಕಡಿಮೆ ನಿಮ್ಮಪ್ಪನದೇ ಅಲ್ಲವಾ, ಕೆಲಸ ಬಿಡಬಾರದಾ ಅಂತ ಮದುವೆಯಾಗಬೇಕಿರುವ ಹುಡುಗಿ ಕೇಳಿದರೆ ಅವನ ಉತ್ತರ, ಎಲ್ಲರೊಳಗೆ ಒಬ್ಬನಾಗಬೇಕು ಅನ್ನೋದು. ಸ್ವಂತ ದುಡಿಮೆಯಿಂದ ಮೇಲೆ ಬಂದ ಒಂಟಿ ಸಲಗ ಅಂತ ರೀಲ್ಸ್ ಮೆರೆಸೋದು ಇವನನ್ನು.

ವಿಸಿಟಿಂಗ್ ಕಾರ್ಡ್ ದೃಶ್ಯವೇ ಸಾಕು. ಮೇಜಿನ ಸುತ್ತ ಕೂತ ಗಂಡಸರೆಲ್ಲ ವೈಸ್ ಪ್ರೆಸಿಡೆಂಟುಗಳು. ಕಾರ್ಡುಗಳೆಲ್ಲ ಬಿಳಿ, ಫೋನ್ ನಂಬರೂ ಒಂದೇ. ‘ಅಕ್ವಿಸಿಷನ್ಸ್’ ಎಂಬ ಪದದ ಸ್ಪೆಲ್ಲಿಂಗ್ ತಪ್ಪಾಗಿ ಅಚ್ಚಾಗಿದೆ, ಯಾರೂ ಗಮನಿಸಿಲ್ಲ. ಪಾಲ್ ಆ್ಯಲನ್‌ನ ಕಾರ್ಡು ತನ್ನದಕ್ಕಿಂತ ಒಂದು ಕೂದಲೆಳೆ ಚೆನ್ನಾಗಿದೆ ಅನ್ನಿಸಿ ಬೇಟ್‌ಮನ್ ಬೆವರುತ್ತಾನೆ. (ನನ್ನ ಇಂಜಿನಿಯರಿಂಗ್ ಬ್ಯಾಚಿನವರೇ ಈಗ ಬೆಂಗಳೂರಿನ ಔಟರ್ ರಿಂಗ್ ರೋಡಿನ ಅಮೆರಿಕನ್ ಬ್ಯಾಂಕ್ ಆಫೀಸುಗಳಲ್ಲಿ ವೈಸ್ ಪ್ರೆಸಿಡೆಂಟುಗಳು. ಅಲ್ಲಿ ಅದು ನಡುಹಂತದ ಹುದ್ದೆ. ಊರಲ್ಲಿ ಹೇಳಿದರೆ ಮಾತ್ರ ಜನ ಎದ್ದು ನಿಲ್ತಾರೆ.) ಆ ರಾತ್ರಿ ಬೇಟ್‌ಮನ್ ಬೀದಿಯಲ್ಲಿ ಕೂತಿದ್ದ ಅಲ್ ಎಂಬ ಕಪ್ಪುವರ್ಣೀಯ ನಿರ್ಗತಿಕನನ್ನು ಇರಿದು ಕೊಲ್ಲುತ್ತಾನೆ. ಅವನ ನಾಯಿಯನ್ನೂ ಬಿಡೋದಿಲ್ಲ. ಕಾರ್ಡಿನ ಅವಮಾನಕ್ಕೆ ದಂಡ ಕಟ್ಟಿದ್ದು ಆ ಮೇಜಿನ ಹತ್ತಿರವೂ ಸುಳಿಯಲಾಗದವನು.

ಅಲ್ ಸತ್ತದ್ದರ ಬಗ್ಗೆ ಸಿನಿಮಾದಲ್ಲಿ ಮುಂದೆ ಯಾರೂ ವಿಚಾರಿಸೋದಿಲ್ಲ. ಲೈಂಗಿಕ ಕಾರ್ಯಕರ್ತೆಯರನ್ನು ಕೊಂದಾಗಲೂ ಅಷ್ಟೇ. ಪಾಲ್ ಆ್ಯಲನ್ ಕಾಣೆಯಾದಾಗ ಮಾತ್ರ ಪತ್ತೇದಾರ ಆಫೀಸಿಗೆ ಬರುತ್ತಾನೆ. ಕೊನೆಗೆ ಬೇಟ್‌ಮನ್ ಹೆಣಗಳನ್ನು ಇಟ್ಟಿದ್ದ ಫ್ಲಾಟಿಗೆ ಹೋದರೆ ಗೋಡೆಗೆಲ್ಲ ಹೊಸ ಸುಣ್ಣ, ಮನೆ ಮಾರಾಟಕ್ಕಿದೆ. ತೋರಿಸಲು ಬಂದ ಬ್ರೋಕರ್ ಹೆಂಗಸು ಇವನ ಮುಖ ನೋಡಿದವಳೇ, ಗಲಾಟೆ ಮಾಡದೆ ಹೊರಡು, ಮತ್ತೆ ಬರಬೇಡ ಅನ್ನುತ್ತಾಳೆ. ಅವಳಿಗೆಷ್ಟು ಗೊತ್ತು ಅಂತ ಸಿನಿಮಾ ಹೇಳೋದಿಲ್ಲ. ನನಗೆ ಗರಗಸಕ್ಕಿಂತ ಭಯ ಹುಟ್ಟಿಸಿದ ದೃಶ್ಯ ಇದು. ಹೆಣ ಸಿಕ್ಕಿದರೆ ಫ್ಲಾಟಿನ ರೇಟು ಬೀಳುತ್ತೆ, ಅಷ್ಟೇ.

ಇದೆಲ್ಲ ಅವನ ತಲೆಯೊಳಗೇ ನಡೆದದ್ದಾ ಅನ್ನೋ ವಾದ ಇಪ್ಪತ್ತೈದು ವರ್ಷಗಳಿಂದ ನಡೀತಾ ಇದೆ. ಪ್ರೇಕ್ಷಕರು ಎಲ್ಲವನ್ನೂ ಕನಸು ಅಂದುಕೊಂಡು ಹೊರಬರುವುದು ತಮ್ಮ ಸೋಲು, ತಮ್ಮ ಉದ್ದೇಶ ಅದಲ್ಲ ಅಂತ ಹ್ಯಾರನ್ ಹೇಳಿಯಾಗಿದೆ. ಕನಸು ಅಂದರೆ ನಮಗೂ ಸಲೀಸು, ಯಾರೂ ಹೊಣೆಗಾರರಲ್ಲ.

ಹ್ಯಾರನ್ ಮತ್ತು ಗ್ವಿನಿವಿಯರ್ ಟರ್ನರ್, ಇಬ್ಬರು ಹೆಂಗಸರು ಬರೆದ ಚಿತ್ರಕಥೆ ಇದು. ಗಂಡಸರ ಜಂಬವನ್ನು ಲೇವಡಿ ಮಾಡಲಿಕ್ಕೇ ಬರೆದದ್ದು. ಅಮೆರಿಕದ ರೇಟಿಂಗ್ ಮಂಡಳಿ ಮೊದಲು ಎನ್‌ಸಿ-17 ಕೊಟ್ಟಿದ್ದು ಕೊಲೆಗಳಿಗಲ್ಲ, ಒಂದು ಲೈಂಗಿಕ ದೃಶ್ಯಕ್ಕೆ! ಸಿನಿಮಾದ ಪಾಲಿನ ತಪ್ಪೂ ಇದೆ ಅನ್ನಿ. ಬೇಲ್‌ನ ಮೈಕಟ್ಟು, ಸೂಟು, ಬೆಳಗಿನ ಫೇಸ್‌ಮಾಸ್ಕ್ ಎಲ್ಲವನ್ನೂ ಕ್ಯಾಮೆರಾ ಆಸೆಯಿಂದಲೇ ನೋಡುತ್ತೆ. ಶಬ್ದ ತೆಗೆದು ಹಾಡು ಹಾಕಿದರೆ ಅದು ಜಾಹೀರಾತೇ. ರೀಲ್ಸ್ ಮಾಡುವವರ ಕತ್ತರಿ ಅಲ್ಲೇ ಕೆಲಸ ಮಾಡೋದು. ನಡಿಗೆ ಉಳಿಯುತ್ತೆ, ಬೆವರು ಹೋಗುತ್ತೆ.

ಆ ರೀಲ್ಸ್ ನೋಡೋ ಹುಡುಗ ಬಹುಶಃ ಒಂಟಿ. ಕೆಲಸ ಸಿಕ್ಕಿಲ್ಲ, ಸಿಕ್ಕಿದ್ದರೆ ಮ್ಯಾನೇಜರ್ ಬೈದಿದ್ದಾನೆ, ಯಾರೂ ತನ್ನನ್ನು ಲೆಕ್ಕಕ್ಕಿಟ್ಟಿಲ್ಲ. ಯಾರಿಗೂ ಬೇಡವಾಗಿರೋದೇ ಶಕ್ತಿ ಅಂತ ಅವನಿಗೆ ಮಾರಲಾಗುತ್ತಿದೆ. ಬೇಟ್‌ಮನ್‌ನ ಕಷ್ಟವೂ ಅದೇ ತಾನೆ? ಪಾಲ್ ಆ್ಯಲನ್ ಅವನನ್ನು ಇನ್ಯಾರೋ ಅಂದುಕೊಂಡೇ ಅವನ ಜೊತೆ ಊಟಕ್ಕೆ ಹೋಗುತ್ತಾನೆ. ಕೊನೆಗೆ ಲಾಯರ್ ಎದುರು ಎಲ್ಲವನ್ನೂ ಒಪ್ಪಿಕೊಂಡರೆ ಅವನೂ ಇವನನ್ನು ಡೇವಿಸ್ ಅಂತ ಕರೆದು, ಜೋಕ್ ಚೆನ್ನಾಗಿದೆ, ಆದರೆ ಆ ಬೇಟ್‌ಮನ್ ಇದಕ್ಕೆಲ್ಲ ಧೈರ್ಯವಿಲ್ಲದ ಪುಕ್ಕಲ ಅನ್ನುತ್ತಾನೆ. ಮುಖಕ್ಕೇ. ಈ ದೃಶ್ಯಕ್ಕೆ ‘ಸಿಗ್ಮಾ’ ಹಾಡು ಹಾಕಿದ ರೀಲ್ ನಾನಂತೂ ಇನ್ನೂ ನೋಡಿಲ್ಲ.