ದಲ್ಲಾಳಿ ಯಾರ ಕಡೆಯವ?

ಮೊನ್ನೆ ಭಾನುವಾರ ಬೆಳಿಗ್ಗೆ ಹಳೆಯ ವಿದ್ಯಾರ್ಥಿನಿಯೊಬ್ಬಳು ತಂದೆಯ ಜತೆ ಮನೆಗೆ ಬಂದಿದ್ದಳು. ಕೈಯಲ್ಲಿ ಮಲಯಾಳದಲ್ಲಿ ಟೈಪ್ ಮಾಡಿದ ಎರಡು ಹಾಳೆ. "ಸರ್, ಇದರಲ್ಲಿ ಏನುಂಟು ಅಂತ ಒಮ್ಮೆ ಓದಿ ಹೇಳ್ತೀರಾ? ನಾಳೆ ಸೈನ್ ಹಾಕ್ಲಿಕ್ಕೆ ಹೇಳಿದ್ದಾರೆ" ಅಂದಳು.

ಕಾಸರಗೋಡಿನ ಕನ್ನಡ ಮಾಸ್ಟ್ರುಗಳಿಗೆ ಇದೇನು ಹೊಸ ಕೆಲಸವಲ್ಲ. 1956ರಲ್ಲಿ ಈ ನಾಡು ಕೇರಳಕ್ಕೆ ಸೇರಿದ ಮೇಲೆ ಪಾಠ ಹೇಳುವುದರ ಜತೆಗೆ ವಿಲೇಜ್ ಆಫೀಸಿನ ನೋಟೀಸು, ಬ್ಯಾಂಕಿನ ಪತ್ರ, ಜಾಗದ ಆಧಾರ (ಕಾರ್ಡಲ್ಲ, ಇಲ್ಲಿ ರಿಜಿಸ್ಟರ್ ಆದ ಜಾಗದ ಪತ್ರಕ್ಕೆ ಆಧಾರ ಅಂತಲೇ ಹೆಸರು) ಓದಿ ಅರ್ಥ ಹೇಳುವುದೂ ನಮ್ಮ ಪಾಲಿಗೆ ಬಂದಿದೆ. ಆದರೆ ಈ ಕಾಗದ ಬೇರೆ ತರಹದ್ದು. ಅದು ಮನೆ ಮಾರಿಸಿಕೊಡುವ ಬ್ರೋಕರನ ಜತೆ ಮಾಡಿಕೊಳ್ಳುವ ಕರಾರು. ಹುಡುಗಿ ಮತ್ತು ಅವಳ ಗಂಡ ಪರಸ್ಪರ ಒಪ್ಪಿ ವಿಚ್ಛೇದನಕ್ಕೆ ಅರ್ಜಿ ಹಾಕಿದ್ದಾರೆ. ಹನ್ನೆರಡು ಸೆಂಟ್ಸ್ ಜಾಗ ಮತ್ತು ಮನೆ ಇಬ್ಬರ ಹೆಸರಿನಲ್ಲೂ ಇದೆ, ಬ್ಯಾಂಕಿನ ಸಾಲ ಬಾಕಿ ಇದೆ. ಮಾರಿ, ಸಾಲ ತೀರಿಸಿ, ಉಳಿದದ್ದನ್ನು ಅರ್ಧರ್ಧ ಮಾಡುವುದೆಂದು ಮಾತಾಗಿದೆ. ಬ್ರೋಕರನನ್ನು ಕರೆತಂದದ್ದು ಗಂಡನ ಮಾವ.

ಓದಿ ನೋಡಿದೆ. ಮುಖ್ಯವಾಗಿ ಮೂರು ಮಾತು ಇತ್ತು. ಒಂದು, ಮಾಲಿಕರಿಗೆ "ನೆಟ್" 45 ಲಕ್ಷ, ಅದರ ಮೇಲೆ ಎಷ್ಟು ಬಂದರೂ ಬ್ರೋಕರನದ್ದು. ಎರಡು, ಅಡ್ವಾನ್ಸ್ ಹಣ ಗಂಡನ ಕೈಗೆ. ಮೂರು, ಬೇರೆ ಯಾರ ಮೂಲಕವೂ ಮಾರಬಾರದು. ಇದಕ್ಕೆ ಅವಧಿಯೇ ಇಲ್ಲ!

"ಮುಗಿದರೆ ಸಾಕು ಮಾಸ್ಟ್ರೇ. ಒಮ್ಮೆ ಇದರಿಂದ ಹೊರಗೆ ಬಂದರೆ ಸಾಕು" ಅಂದರು ತಂದೆ.

ನೋಡಿ, ಈ ಒಂದು ಮಾತೇ ಇಂಥ ದಲ್ಲಾಳಿಗಳ ಬಂಡವಾಳ. ಮದುವೆ ಮುರಿದವರಿಗೆ ಮನೆ ಕಣ್ಣಿಗೆ ಬೀಳದಿದ್ದರೆ ಸಾಕು ಅನ್ನಿಸಿರುತ್ತದೆ. ಅದು ಸಹಜ. ಆದರೆ ಅದು ಗೊತ್ತಿರುವ ಮನುಷ್ಯನಿಗೆ ನೀವು ಎಷ್ಟಕ್ಕೆ ಇಳಿಯುತ್ತೀರಿ ಎಂಬುದೂ ಗೊತ್ತಿರುತ್ತದೆ. ಒಪ್ಪಿಗೆಯ ವಿಚ್ಛೇದನಕ್ಕೆ ಹಿಂದೂ ವಿವಾಹ ಕಾಯ್ದೆಯೇ ಮೊದಲ ಅರ್ಜಿಯ ನಂತರ ಆರು ತಿಂಗಳು ಕಾಯಲು ಹೇಳುತ್ತದೆ (ತಕ್ಕ ಕಾರಣವಿದ್ದರೆ ನ್ಯಾಯಾಲಯ ಅದನ್ನು ಬಿಟ್ಟುಕೊಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ). ಕಾನೂನು ಆರು ತಿಂಗಳು ಕೊಟ್ಟರೂ ದಲ್ಲಾಳಿ ಆರು ದಿನ ಕೊಡುವುದಿಲ್ಲ.

ನಾನು ಒಂದು ಕಾಗದ ತೆಗೆದು ಲೆಕ್ಕ ಬರೆದು ತೋರಿಸಿದೆ. ಮನೆ 52 ಲಕ್ಷಕ್ಕೆ ಹೋಯಿತು ಅಂತ ಇಟ್ಟುಕೊಳ್ಳಿ. ಈ ಕರಾರಿನ ಪ್ರಕಾರ ಬ್ರೋಕರನಿಗೆ 7 ಲಕ್ಷ. ಶೇಕಡಾ 2 ಕಮಿಷನ್ ಅಂತ ಬರೆದಿದ್ದರೆ 1 ಲಕ್ಷದ 4 ಸಾವಿರ. ವ್ಯತ್ಯಾಸ 5 ಲಕ್ಷದ 96 ಸಾವಿರ. ಹುಡುಗಿಗೆ ನಷ್ಟ ಸುಮಾರು 3 ಲಕ್ಷ, ಗಂಡನಿಗೂ ಸುಮಾರು 3 ಲಕ್ಷ!

ನಾನು ಹೇಳಬೇಕೆಂದಿರುವುದು ಇಷ್ಟೇ. ಬೇರೆ ಎಲ್ಲದರಲ್ಲೂ ಇವರಿಬ್ಬರು ಎದುರುಬದುರು ಇರಬಹುದು. ಆದರೆ ಮನೆಯ ಬೆಲೆಯ ವಿಷಯದಲ್ಲಿ ಇಬ್ಬರೂ ಒಂದೇ ಕಡೆ. ಅವಳ ಕಡೆಯ ಬ್ರೋಕರ್, ಇವನ ಕಡೆಯ ಬ್ರೋಕರ್ ಅಂತ ಹೋದರೆ ಇಬ್ಬರೂ ಸೋಲುತ್ತಾರೆ. ಬೇಕಾದದ್ದು ಇಬ್ಬರಿಗೂ ನೆಂಟನಲ್ಲದ, ಇಬ್ಬರಿಗೂ ಸಮನಾಗಿ ಉತ್ತರ ಕೊಡುವ ಒಬ್ಬ ಮನುಷ್ಯ.

"ನೆಂಟರಾದರೆ ನಂಬಿಕೆ ಅಲ್ವಾ?" ಎಂದು ಕೇಳುವವರಿದ್ದಾರೆ. ಯಾರಿಗೆ ನಂಬಿಕೆ? ಮಾವ ತಂದ ಬ್ರೋಕರ್ ಮಾವನಿಗೆ ಮೊದಲು ಫೋನ್ ಮಾಡುತ್ತಾನೆ. ಯಾವ ಪಾರ್ಟಿ ಬಂತು, ಎಷ್ಟು ಹೇಳಿತು ಎಂಬುದು ಒಬ್ಬರಿಗೆ ಇಂದು, ಇನ್ನೊಬ್ಬರಿಗೆ ನಾಡಿದ್ದು ತಿಳಿಯುತ್ತದೆ. ಮೊದಲೇ ಸಂಶಯದಲ್ಲಿರುವ ಇಬ್ಬರ ನಡುವೆ ಇಷ್ಟು ಸಾಕು, ಒಪ್ಪಿಗೆಯ ಕೇಸು ಜಗಳದ ಕೇಸಾಗಲು.

"ರೇರಾ ನಂಬರ್ ಇದ್ದವನನ್ನು ಹಿಡಿದರಾಯಿತಲ್ಲ" ಅನ್ನಬಹುದು. 2016ರ ಆ ಕಾಯ್ದೆಯಲ್ಲಿ ಏಜೆಂಟರ ನೋಂದಣಿ ಕಡ್ಡಾಯವಾಗಿರುವುದು ನೋಂದಾಯಿತ ಪ್ರಾಜೆಕ್ಟುಗಳ ಸೈಟು, ಫ್ಲಾಟು ಮಾರಿಸುವವರಿಗೆ. ನಮ್ಮೂರಿನ ಹಳೆ ಮನೆ, ಅಡಿಕೆ ತೋಟ ಮಾರಿಸುವವನಿಗೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ನಿಮ್ಮನ್ನು ಕಾಯುವುದು ನೀವು ಬರೆಸಿಕೊಳ್ಳುವ ಕಾಗದ, ಅದರ ಹಿಂದೆ 1872ರ ಕರಾರು ಕಾಯ್ದೆ. ಮಾಲಿಕರಿಗೆ ತಿಳಿಸದೆ ಏಜೆಂಟ್ ಸ್ವಂತಕ್ಕೆ ವ್ಯವಹಾರ ಮಾಡಿ ಲಾಭ ಮಾಡಿಕೊಂಡರೆ ಆ ಲಾಭವನ್ನು ಕೇಳುವ ಹಕ್ಕು ಮಾಲಿಕರಿಗಿದೆ. ಆದರೆ "ನೆಟ್" ಎಂದು ಬರೆದ ಕಾಗದಕ್ಕೆ ನೀವೇ ಸಹಿ ಹಾಕಿದರೆ ಒಪ್ಪಿಕೊಂಡ ಹಾಗಾಯಿತು, ಮತ್ತೆ ಕೇಳುವುದು ಕಷ್ಟ.

ಹಾಗಾದರೆ ಏನು ಬರೆಸಬೇಕು? ಕರಾರಿನಲ್ಲಿ ಇಬ್ಬರ ಹೆಸರೂ ಇಬ್ಬರ ಸಹಿಯೂ ಇರಲಿ. ಕಮಿಷನ್ ಶೇಕಡಾ ಲೆಕ್ಕದಲ್ಲಿ, ರಿಜಿಸ್ಟ್ರಿಯ ದಿನ ಮಾತ್ರ. ಕೊಳ್ಳುವವರ ಕಡೆಯಿಂದಲೂ ತೆಗೆದುಕೊಳ್ಳುತ್ತಾನಾದರೆ ಎಷ್ಟು ಎಂದು ಬರೆಯಲಿ. ಅವಧಿ ಮೂರು ತಿಂಗಳು. ಬಂದ ಪ್ರತಿಯೊಂದು ಬೆಲೆಯನ್ನೂ ಇಬ್ಬರಿಗೂ ಒಟ್ಟಿಗೆ ತಿಳಿಸಬೇಕು, ಮೂವರ ಒಂದು ವಾಟ್ಸಾಪ್ ಗುಂಪು ಸಾಕು. ಅಡ್ವಾನ್ಸ್ ಬ್ಯಾಂಕಿನ ಮೂಲಕ, ಇಬ್ಬರೂ ಒಪ್ಪಿದ ಖಾತೆಗೆ ಬರಲಿ. ಜಾಗದ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ಎಲ್ಲಕ್ಕಿಂತ ಮುಖ್ಯ, "ನೀವು ಕೋರ್ಟಿಗೆ ಅಲೆಯುವವರು, ನನ್ನ ಹೆಸರಿಗೆ ಪವರ್ ಆಫ್ ಅಟಾರ್ನಿ ಕೊಡಿ, ನಾನು ನೋಡಿಕೊಳ್ಳುತ್ತೇನೆ" ಎನ್ನುವ ಬ್ರೋಕರನಿಗೆ ಚಾ ಕೊಟ್ಟು ಕಳಿಸಿಬಿಡಿ.

ಇನ್ನೊಂದು ಮಾತು. ಮನೆ ನೋಡಲು ಬಂದವರಿಗೆ "ಡೈವೋರ್ಸ್ ಪಾರ್ಟಿ, ಅರ್ಜೆಂಟ್ ಉಂಟು" ಅಂತ ಹೇಳುವವನನ್ನು ಇಟ್ಟುಕೊಳ್ಳಬೇಡಿ. ಹಾಗಂತ ಸುಳ್ಳು ಹೇಳಿಸಿ ಎನ್ನುತ್ತಿಲ್ಲ. ಆ ಜಾಗದ ಮೇಲೆಯೇ ಕೇಸು ಇದ್ದರೆ, ಮಾರಬಾರದೆಂದು ನ್ಯಾಯಾಲಯದ ಆದೇಶವಿದ್ದರೆ, ಸಾಲವಿದ್ದರೆ ಕೊಳ್ಳುವವರಿಗೆ ಹೇಳಲೇಬೇಕು. ಕೇಸು ನಡೆಯುತ್ತಿರುವ ಆಸ್ತಿ ಕೊಂಡವರು ತೀರ್ಪಿಗೆ ಬದ್ಧರಾಗಬೇಕಾಗುತ್ತದೆ. ಆದರೆ ಗಂಡ ಹೆಂಡತಿ ಯಾಕೆ ಬೇರೆಯಾದರು ಎಂಬುದು ಜಾಗದ ದೋಷವಲ್ಲ. ಅದನ್ನು ಮನೆಯ ಜತೆ ಮಾರಬೇಕಾಗಿಲ್ಲ. ಯಾವುದನ್ನು ಹೇಳಬೇಕು, ಯಾವುದನ್ನು ಹೇಳಬಾರದು ಎಂದು ಬಲ್ಲವನೇ ಒಳ್ಳೆಯ ದಲ್ಲಾಳಿ. ಅಂಥವರು ನಮ್ಮಲ್ಲಿ ಇದ್ದಾರೆ ಕೂಡ. ಬೇಕಾದರೆ ಅವನು ಹಿಂದೆ ಮಾರಿಸಿದ ಎರಡು ಮನೆಯವರನ್ನು ಕೇಳಿ ನೋಡಿ, ಕೊಂಡವರನ್ನಲ್ಲ, ಮಾರಿದವರನ್ನು.

ಕೆಲವೊಮ್ಮೆ ದಲ್ಲಾಳಿಯೇ ಬೇಡ. ಒಬ್ಬರು ಇನ್ನೊಬ್ಬರ ಪಾಲಿಗೆ ಹಣ ಕೊಟ್ಟು ಮನೆ ಉಳಿಸಿಕೊಳ್ಳಬಹುದು. ಹೀಗೆ ಪಾಲು ಬಿಟ್ಟುಕೊಡುವ ಪತ್ರಕ್ಕೆ ಮಲಯಾಳದಲ್ಲಿ ಒಳಿಮುರಿ ಅನ್ನುತ್ತಾರೆ. ಹಿಂದೆ ವಿಚ್ಛೇದನದ ಪತ್ರಕ್ಕೂ ಅದೇ ಹೆಸರು! ಮಾರಾಟದ ಆಧಾರಕ್ಕೆ ಕೇರಳದಲ್ಲಿ ಶೇಕಡಾ 8 ಮುದ್ರಾಂಕ ಶುಲ್ಕ, ಶೇಕಡಾ 2 ನೋಂದಣಿ ಶುಲ್ಕ. ಕುಟುಂಬದೊಳಗಿನ ಒಳಿಮುರಿಗಾದರೆ ರಿಯಾಯಿತಿ ಇದೆ. ಆದರೆ ತೀರ್ಪು ಬಂದ ಮೇಲೆ ಗಂಡ ಹೆಂಡತಿ ಒಂದೇ ಕುಟುಂಬದವರಾಗಿ ಉಳಿಯುವುದಿಲ್ಲ. ಆದ್ದರಿಂದ ಯಾವುದು ಮೊದಲು, ಯಾವುದು ನಂತರ ಎಂದು ವಕೀಲರನ್ನು ಕೇಳಿಯೇ ಹೆಜ್ಜೆ ಇಡಿ.

ಹುಡುಗಿ ಸಹಿ ಹಾಕಲಿಲ್ಲ. ಸಂಜೆ ನಾನು ಬರೆದುಕೊಟ್ಟ ಲೆಕ್ಕದ ಫೋಟೋ ತೆಗೆದು ಗಂಡನಿಗೆ ಕಳಿಸಿದಳಂತೆ. ಅವನಿಗೂ "ನೆಟ್" ಅಂದರೆ ಏನೆಂದು ಸರಿಯಾಗಿ ತಿಳಿದಿರಲಿಲ್ಲವಂತೆ. "ಮಾವನಲ್ಲಿ ನಾನೇ ಮಾತಾಡ್ತೇನೆ, ಬೇರೆಯವರನ್ನು ನೋಡುವ" ಅಂದನಂತೆ. ಬಹಳ ತಿಂಗಳ ನಂತರ ಇಬ್ಬರೂ ಜಗಳವಿಲ್ಲದೆ ಹತ್ತು ನಿಮಿಷ ಮಾತಾಡಿದ್ದು ಅದೇ ಮೊದಲು ಎಂದು ಅವಳೇ ಹೇಳಿದಳು.

ಸಂಸಾರ ಮತ್ತೆ ಕೂಡುತ್ತದೆ ಎಂದು ನಾನು ಹೇಳುತ್ತಿಲ್ಲ, ಅದು ಅವರಿಗೆ ಬಿಟ್ಟದ್ದು. ಇಬ್ಬರೂ ದುಡಿದು ಕಟ್ಟಿದ ಮನೆಯ ಬೆಲೆಯಾದರೂ ಇಬ್ಬರಿಗೇ ಸಿಗಲಿ. ಏನಂತೀರಿ?