ಹಿತ್ತಲಿಗೆ ಬಂದ ಗೂಬೆ: ಆತಂಕ, ಕಾನೂನು ಮತ್ತು ಮಾನವೀಯ ಪರಿಹಾರ

ಹಿನ್ನೆಲೆ

ರಾಜ್ಯದ ನಗರ ಹಾಗೂ ಪಟ್ಟಣಗಳಲ್ಲಿ ಮನೆಯ ಹಿತ್ತಲು, ಸಜ್ಜಾ, ಅಟ್ಟ ಹಾಗೂ ಬಹುಮಹಡಿ ಕಟ್ಟಡಗಳ ಗಾಳಿಕಿಂಡಿಗಳಲ್ಲಿ ಗೂಬೆಗಳು ನೆಲೆಸುವುದು ಅಪರೂಪದ ಸಂಗತಿಯೇನಲ್ಲ. ಇಂತಹ ಸಂದರ್ಭಗಳಲ್ಲಿ ಕೆಲವರು ಕಲ್ಲು ಹೊಡೆದು ಹಕ್ಕಿಯನ್ನು ಓಡಿಸಲು ಯತ್ನಿಸುತ್ತಾರೆ; ಕೆಲವರು ಗೂಡನ್ನು ಕಿತ್ತು ಹಾಕುತ್ತಾರೆ; ಮತ್ತೆ ಕೆಲವರು ಹಣ ತೆತ್ತು ಹಕ್ಕಿ ಹಿಡಿಯುವವರನ್ನು ಕರೆಸುತ್ತಾರೆ. ಈ ಮೂರೂ ಕ್ರಮಗಳು ಕಾನೂನಿಗೆ ವಿರುದ್ಧವಾಗಿದ್ದು, ಸಮಸ್ಯೆಯನ್ನು ಪರಿಹರಿಸುವುದೂ ಇಲ್ಲ. ಗೂಬೆಯು ಒಂದು ಸ್ಥಳದಲ್ಲಿ ನೆಲೆಸಲು ಮುಖ್ಯ ಕಾರಣಗಳು ಎರಡು: ಆಹಾರ ಮತ್ತು ಆಸರೆ. ಇವೆರಡನ್ನೂ ಸೂಕ್ತ ಕಾಲದಲ್ಲಿ ನಿವಾರಿಸಿದಲ್ಲಿ ಹಕ್ಕಿಯು ತಾನಾಗಿಯೇ ಬೇರೆಡೆಗೆ ತೆರಳುತ್ತದೆ. ಈ ಕುರಿತ ವಿಶ್ಲೇಷಣೆ ಹಾಗೂ ಅನುಸರಿಸಬಹುದಾದ ಕ್ರಮಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಮನೆಯ ಬಳಿ ಕಂಡುಬರುವ ಗೂಬೆಗಳು

ಜನವಸತಿಯ ನಡುವೆ ಸಾಮಾನ್ಯವಾಗಿ ಕಾಣಸಿಗುವ ಪ್ರಭೇದಗಳು ಎರಡು. ಮೊದಲನೆಯದು ಕಣಜ ಗೂಬೆ. ಹೃದಯದಾಕಾರದ ಬಿಳಿ ಮುಖ, ಹೊಂಬಣ್ಣ ಮತ್ತು ಬೂದು ಬೆರೆತ ಬೆನ್ನು ಇದರ ಗುರುತು. ಹಳೆಯ ಕಟ್ಟಡ, ದೇವಾಲಯದ ಗೋಪುರ, ಪಾಳುಬಾವಿ, ಮರದ ಪೊಟರೆ ಹಾಗೂ ಅಟ್ಟಗಳು ಇದರ ವಾಸಸ್ಥಾನ. ಇದರ ಕೂಗು ಕರ್ಕಶವಾದ ಚೀತ್ಕಾರದಂತಿರುತ್ತದೆ. ಮರಿಗಳು ಆಹಾರಕ್ಕಾಗಿ ಬುಸುಗುಟ್ಟುವ ಸದ್ದನ್ನು ಕೇಳಿ ಅಟ್ಟದಲ್ಲಿ ಹಾವು ಸೇರಿದೆಯೆಂದು ಭಾವಿಸುವವರೂ ಉಂಟು.

ಎರಡನೆಯದು ಹಾಲಕ್ಕಿ. ಗೊರವಂಕದಷ್ಟೇ ಗಾತ್ರದ, ಬೂದುಗಂದು ಮೈಮೇಲೆ ಬಿಳಿ ಚುಕ್ಕೆಗಳುಳ್ಳ, ಹಳದಿ ಕಣ್ಣಿನ ಈ ಪುಟ್ಟ ಗೂಬೆಯು ಮಾವು, ಆಲ, ಮಳೆಮರಗಳ ಪೊಟರೆಗಳಲ್ಲಿಯೂ ಗೋಡೆಯ ಬಿರುಕುಗಳಲ್ಲಿಯೂ ಗೂಡು ಮಾಡುತ್ತದೆ. ಗಾತ್ರದಲ್ಲಿ ದೊಡ್ಡದಾದ ಕೊಂಬಿನ ಗೂಬೆಯು ಬಂಡೆಗುಡ್ಡ ಹಾಗೂ ಕಮರಿಗಳ ಹಕ್ಕಿಯಾಗಿದ್ದು, ಮನೆಯೊಳಗೆ ಬರುವುದು ವಿರಳ.

ಗೂಬೆಗಳು ಮನೆಗಳತ್ತ ಬರಲು ಕಾರಣಗಳು

ನಗರಗಳು ವಿಸ್ತರಿಸಿದಂತೆ ಪೊಟರೆಗಳುಳ್ಳ ಹಳೆಯ ಮರಗಳು ಉರುಳುತ್ತವೆ, ಹೆಂಚಿನ ಮನೆಗಳು ನೆಲಸಮವಾಗುತ್ತವೆ, ಪಾಳುಬಾವಿಗಳು ಮುಚ್ಚಿಹೋಗುತ್ತವೆ. ಕಣಜ ಗೂಬೆಯು ಕಡ್ಡಿಗಳನ್ನು ಜೋಡಿಸಿ ಗೂಡು ಕಟ್ಟುವ ಹಕ್ಕಿಯಲ್ಲ; ಸಿದ್ಧವಾಗಿರುವ ಕತ್ತಲೆಯ ಸಂದಿಯೇ ಅದಕ್ಕೆ ಬೇಕು. ಹಳೆಯ ಸಂದಿಗಳು ಇಲ್ಲವಾದಾಗ ನೀರಿನ ತೊಟ್ಟಿಯ ಅಡಿಭಾಗ, ಪೈಪುಗಳು ಹಾಯ್ದುಹೋಗುವ ಕಿಂಡಿ ಹಾಗೂ ಬಳಕೆಯಿಲ್ಲದ ಮಾಡುಗಳೇ ಅದರ ಆಶ್ರಯವಾಗುತ್ತವೆ.

ಇದರೊಂದಿಗೆ ಆಹಾರದ ಪ್ರಶ್ನೆಯೂ ಇದೆ. ತೆರೆದ ಕಸದ ರಾಶಿ, ಚರಂಡಿ, ಹಿತ್ತಲಿನ ಸೌದೆ ಒಟ್ಟಿಲು ಹಾಗೂ ಮುಚ್ಚದೆ ಇಟ್ಟ ಧಾನ್ಯಗಳು ಇಲಿ, ಹೆಗ್ಗಣಗಳನ್ನು ಸೆಳೆಯುತ್ತವೆ. ಅವು ಗೂಬೆಯನ್ನು ಸೆಳೆಯುತ್ತವೆ. ಕಣಜ ಗೂಬೆಯ ಎರಡು ಕಿವಿಗಳು ಸಮಾನ ಎತ್ತರದಲ್ಲಿಲ್ಲದ ಕಾರಣ, ಸದ್ದು ಬಂದ ದಿಕ್ಕನ್ನು ಅದು ನಿಖರವಾಗಿ ಗುರುತಿಸಿ, ಗಾಢಾಂಧಕಾರದಲ್ಲಿಯೂ ಇಲಿಯನ್ನು ಹಿಡಿಯಬಲ್ಲದು. ಆದುದರಿಂದ ಹಿತ್ತಲಿಗೆ ಗೂಬೆ ಬಂದಿದೆಯೆಂದರೆ, ಸುತ್ತಮುತ್ತ ಇಲಿಗಳು ಹೆಚ್ಚಿವೆಯೇ ಎಂಬುದನ್ನು ಮೊದಲು ಪರಿಶೀಲಿಸಬೇಕಾಗುತ್ತದೆ. ಹಕ್ಕಿಯನ್ನು ಮಾತ್ರ ಓಡಿಸಿದಲ್ಲಿ ಇಲಿಗಳು ಉಳಿಯುತ್ತವೆ. ಅವುಗಳ ಬೆನ್ನಲ್ಲೇ ಹಾವು ಬರುವ ಸಂಭವವೂ ಇದೆ.

ನಂಬಿಕೆ ಮತ್ತು ವಸ್ತುಸ್ಥಿತಿ

ಗೂಬೆ ಹೊಕ್ಕ ಮನೆಯನ್ನು ಕೆಲಕಾಲ ತೊರೆಯಬೇಕೆಂಬ ನಂಬಿಕೆ ರಾಜ್ಯದ ಹಲವೆಡೆ ಇದೆ. ಅನ್ಯರ ಮೇಲೆ ಅಪವಾದ ಹೊರಿಸುವುದಕ್ಕೆ ‘ಗೂಬೆ ಕೂರಿಸುವುದು’ ಎಂಬ ನುಡಿಗಟ್ಟೇ ನಮ್ಮಲ್ಲಿ ರೂಢಿಯಲ್ಲಿದೆ. ಆದರೆ ಅದೇ ಜನಪದದಲ್ಲಿ ಹಾಲಕ್ಕಿಯ ನುಡಿಯನ್ನು ಆಲಿಸಿ ಮನೆಮನೆಗೆ ಬಂದು ಶಕುನ ಹೇಳುವ ಬುಡುಬುಡಿಕೆಯವರಿಗೂ ಸ್ಥಾನವಿದೆ; ಪುರಾಣದಲ್ಲಿ ಗೂಬೆಯು ಲಕ್ಷ್ಮಿಯ ವಾಹನವೂ ಹೌದು. ಹೀಗೆ ನಂಬಿಕೆಗಳೇ ಪರಸ್ಪರ ಭಿನ್ನವಾಗಿವೆ. ವಸ್ತುಸ್ಥಿತಿ ಮಾತ್ರ ಒಂದೇ: ಕಣಜ ಗೂಬೆಯ ಆಹಾರದಲ್ಲಿ ಇಲಿಜಾತಿಯ ಪ್ರಾಣಿಗಳದ್ದೇ ಸಿಂಹಪಾಲು. ಇಸ್ರೇಲ್ ದೇಶದ ಬೇತ್ ಶೆಯಾನ್ ಕಣಿವೆಯ ರೈತರು 1983ರಿಂದ ಹೊಲಗಳಲ್ಲಿ ಮರದ ಗೂಡುಪೆಟ್ಟಿಗೆಗಳನ್ನಿಟ್ಟು ಈ ಹಕ್ಕಿಗಳನ್ನು ಬರಮಾಡಿಕೊಂಡಿದ್ದಾರೆ. ಮಲೇಷ್ಯಾದ ತಾಳೆಎಣ್ಣೆ ತೋಟಗಳಲ್ಲಿಯೂ ಇದೇ ಕ್ರಮ ಬಳಕೆಯಲ್ಲಿದೆ. ಅಲ್ಲಿನವರು ಕರೆದು ಕೂರಿಸುವ ಹಕ್ಕಿಯನ್ನೇ ನಾವು ಕಲ್ಲೆಸೆದು ಓಡಿಸುತ್ತಿದ್ದೇವೆ.

ಭಯದ ಲಾಭ ಪಡೆಯುವ ಕಳ್ಳಸಾಗಣೆ

ಈ ವಿಷಯದ ಗಂಭೀರ ಮುಖ ಇದು. ವನ್ಯಜೀವಿ ವ್ಯಾಪಾರದ ಮೇಲೆ ನಿಗಾ ಇಡುವ ಟ್ರಾಫಿಕ್ ಸಂಸ್ಥೆಯು 2010ರಲ್ಲಿ ಪ್ರಕಟಿಸಿದ ವರದಿಯಲ್ಲಿ, ದೇಶದ ಸುಮಾರು 30 ಗೂಬೆ ಪ್ರಭೇದಗಳ ಪೈಕಿ 15 ಪ್ರಭೇದಗಳು ಅಕ್ರಮ ವ್ಯಾಪಾರದಲ್ಲಿ ಕಂಡುಬಂದಿರುವುದಾಗಿ ತಿಳಿಸಲಾಗಿತ್ತು. ಮಾಟಮಂತ್ರ ಹಾಗೂ ಬಲಿಗಾಗಿ, ವಿಶೇಷವಾಗಿ ದೀಪಾವಳಿಯ ಆಸುಪಾಸಿನಲ್ಲಿ, ಬೇಡಿಕೆ ಏರುವುದನ್ನು ಆ ಸಂಸ್ಥೆಯು ಎತ್ತಿ ತೋರಿಸಿದೆ. ನಮ್ಮ ರಾಜ್ಯವೂ ಇದಕ್ಕೆ ಹೊರತಲ್ಲ. 2018ರಲ್ಲಿ ತೆಲಂಗಾಣ ವಿಧಾನಸಭಾ ಚುನಾವಣೆಯ ಸಂದರ್ಭದಲ್ಲಿ, ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ ಕೊಂಬಿನ ಗೂಬೆಗಳನ್ನು ಸಾಗಿಸಲು ಯತ್ನಿಸಿದ ಆರೋಪದ ಮೇಲೆ ಕೆಲವರನ್ನು ಪೊಲೀಸರು ಬಂಧಿಸಿದ್ದು, ಎದುರಾಳಿಗಳಿಗೆ ಕೇಡು ಬಯಸುವ ಮಾಟಕ್ಕಾಗಿ ಅವು ಬೇಕಾಗಿದ್ದವೆಂದು ವರದಿಯಾಗಿತ್ತು.

ಮನೆಯವರು ‘ಹೇಗಾದರೂ ಹಿಡಿದೊಯ್ಯಿರಿ’ ಎಂದು ಅಪರಿಚಿತರ ಕೈಗೆ ಒಪ್ಪಿಸುವ ಹಕ್ಕಿಯು ಎಲ್ಲಿಗೆ ತಲುಪುತ್ತದೆಯೆಂಬುದಕ್ಕೆ ಯಾವುದೇ ಖಾತರಿ ಇಲ್ಲ. ಒಂದು ಕುಟುಂಬದ ಭಯವು ಮತ್ತೊಬ್ಬರ ದಂಧೆಗೆ ಸರಕಾಗಬಾರದು.

ಕಾನೂನು ಏನು ಹೇಳುತ್ತದೆ

ಭಾರತದ ಎಲ್ಲಾ ಗೂಬೆ ಪ್ರಭೇದಗಳಿಗೂ ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ರಕ್ಷಣೆ ಇದೆ. ಈ ಅಧಿನಿಯಮದಲ್ಲಿ ‘ಬೇಟೆ’ ಎಂಬ ಪದವು ಕೊಲ್ಲುವುದಕ್ಕಷ್ಟೇ ಸೀಮಿತವಲ್ಲ. ವಿಷವಿಕ್ಕುವುದು, ಬಲೆಯೊಡ್ಡುವುದು, ಹಿಡಿಯುವುದು, ಅಟ್ಟುವುದು ಹಾಗೂ ಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದು ಅಥವಾ ಗೂಡನ್ನು ಕದಡುವುದು ಸಹ ಅದರ ವ್ಯಾಪ್ತಿಗೆ ಬರುತ್ತದೆ. 2022ರ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಸಾಮಾನ್ಯ ಉಲ್ಲಂಘನೆಗೆ ಮೂರು ವರ್ಷಗಳವರೆಗೆ ಕಾರಾಗೃಹವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಮೊದಲ ಅನುಸೂಚಿಯ ಪ್ರಾಣಿಪಕ್ಷಿಗಳ ವಿಷಯದಲ್ಲಿ ಶಿಕ್ಷೆ ಇನ್ನೂ ಕಠಿಣವಾಗಿದೆ. ಗೂಬೆಯು ಕುಳಿತಿರುವುದು ಸ್ವಂತ ಜಾಗದಲ್ಲಿಯೇ ಆದರೂ ಈ ನಿಯಮಗಳಿಗೆ ವಿನಾಯಿತಿ ಇಲ್ಲ.

ಹಕ್ಕಿಯನ್ನು ಅಟ್ಟುವುದು ಬೇರೆ. ಗೂಡಿಲ್ಲದ ವೇಳೆಯಲ್ಲಿ ಸ್ಥಳವನ್ನು ಅದಕ್ಕೆ ಒಗ್ಗದಂತೆ ಮಾಡುವುದು ಬೇರೆ. ಕೆಳಗಿನ ಕ್ರಮಗಳು ಎರಡನೆಯ ಬಗೆಯವು.

ಅನುಸರಿಸಬೇಕಾದ ಕ್ರಮಗಳು

1. ಮೊದಲು ಗೂಡಿದೆಯೇ ಎಂದು ದೂರದಿಂದ ಗಮನಿಸಿ. ಮುಸ್ಸಂಜೆಯ ವೇಳೆ ಹಕ್ಕಿಯು ಆಹಾರ ಹಿಡಿದು ಒಂದೇ ಕಿಂಡಿಗೆ ಮರಳಿ ಮರಳಿ ಬರುತ್ತಿದ್ದರೆ ಅಥವಾ ಒಳಗಿನಿಂದ ಬುಸುಗುಟ್ಟುವ ಸದ್ದು ಕೇಳಿಸುತ್ತಿದ್ದರೆ ಮರಿಗಳಿವೆಯೆಂದು ತಿಳಿಯಬೇಕು. ಕಣಜ ಗೂಬೆಯು ವರ್ಷದ ಯಾವ ಕಾಲದಲ್ಲಾದರೂ ಮರಿ ಮಾಡಬಹುದಾದ್ದರಿಂದ ಋತುವನ್ನು ನೋಡಿ ನಿರ್ಧರಿಸುವಂತಿಲ್ಲ.

2. ಗೂಡಿದ್ದಲ್ಲಿ ಕಾಯಿರಿ. ಕಣಜ ಗೂಬೆಯ ಮೊಟ್ಟೆಗಳು ಸುಮಾರು ಒಂದು ತಿಂಗಳಲ್ಲಿ ಒಡೆದು, ಮರಿಗಳು ಸುಮಾರು ಎರಡು ತಿಂಗಳಲ್ಲಿ ಹಾರುತ್ತವೆ. ಮೊಟ್ಟೆಗಳು ಕೆಲವು ದಿನಗಳ ಅಂತರದಲ್ಲಿ ಇಡಲ್ಪಡುವುದರಿಂದ ಮರಿಗಳ ವಯಸ್ಸೂ ಬೇರೆ ಬೇರೆಯಾಗಿರುತ್ತದೆ. ಹಿರಿಯ ಮರಿ ಹಾರಿದ ಮಾತ್ರಕ್ಕೆ ಗೂಡು ಬರಿದಾಯಿತೆಂದು ಭಾವಿಸಿ ಕಿಂಡಿ ಮುಚ್ಚಿದಲ್ಲಿ, ಕಿರಿಯ ಮರಿಗಳು ಒಳಗೇ ಹಸಿವಿನಿಂದ ಸಾಯುತ್ತವೆ.

3. ಗೂಡು ಸಂಪೂರ್ಣ ಬರಿದಾಗಿರುವುದು ಖಚಿತವಾದ ನಂತರ, ಹಕ್ಕಿಗಳು ಹೊರಹೋಗಿರುವ ರಾತ್ರಿಯ ವೇಳೆ ಕಿಂಡಿಗೆ ಗಟ್ಟಿ ತಂತಿ ಜಾಲರಿಯನ್ನು ಅಳವಡಿಸಿ. ಸಡಿಲವಾದ ನೈಲಾನ್ ಬಲೆಯಲ್ಲಿ ಹಕ್ಕಿಯ ಕಾಲು, ರೆಕ್ಕೆ ಸಿಲುಕುವುದರಿಂದ ಅದನ್ನು ಬಳಸಬಾರದು. ಹಕ್ಕಿ ಕೂರುವ ಸಜ್ಜಾದ ಮೇಲೆ ಇಳಿಜಾರಾಗಿ ಹಲಗೆಯನ್ನು ಕೂರಿಸಿದರೆ ಅಲ್ಲಿ ನಿಲ್ಲಲು ಆಸ್ಪದವಾಗದು.

4. ಇಲಿಗಳ ಆಹಾರವನ್ನು ತಪ್ಪಿಸಿ. ಧಾನ್ಯ, ಕೋಳಿ ಹಾಗೂ ನಾಯಿಗಳ ಆಹಾರವನ್ನು ಮುಚ್ಚಿದ ಡಬ್ಬಗಳಲ್ಲಿಡಿ. ಕಸವನ್ನು ಪ್ರತಿದಿನ ವಿಲೇವಾರಿ ಮಾಡಿ. ಸೌದೆಯನ್ನು ನೆಲದಿಂದ ಮೇಲಕ್ಕೆ ಜೋಡಿಸಿ. ಇಲಿ ಹಿಡಿಯಲು ಬೋನನ್ನು ಬಳಸಿ.

5. ಹಿತ್ತಲಿನ ದೀಪವನ್ನು ರಾತ್ರಿಯಿಡೀ ಉರಿಸಬೇಡಿ. ಬೆಳಕಿಗೆ ಮುತ್ತುವ ಹುಳುಗಳೇ ಹಾಲಕ್ಕಿಗೆ ಆಹಾರ.

6. ಪಾರಿವಾಳ, ಲವ್‌ಬರ್ಡ್ಸ್, ಕೋಳಿಮರಿಗಳನ್ನು ಸಂಜೆಯಾಗುತ್ತಿದ್ದಂತೆ ಭದ್ರವಾದ ಗೂಡಿಗೆ ಸೇರಿಸಿ.

7. ಸಾಧ್ಯವಿದ್ದಲ್ಲಿ ಮನೆಯಿಂದ ದೂರದ ತೋಟ ಅಥವಾ ಎತ್ತರದ ಮರದಲ್ಲಿ ಮರದ ಪೆಟ್ಟಿಗೆಯೊಂದನ್ನು ಕಟ್ಟಿ. ಕಿಂಡಿ ಕಳೆದುಕೊಂಡ ಹಕ್ಕಿಗೆ ಇದು ಬದಲಿ ಆಸರೆಯಾಗಬಹುದು.

8. ಹಿಕ್ಕೆ ಹಾಗೂ ಗೂಬೆಯು ಕಾರಿದ ಉಂಡೆಗಳನ್ನು ಸ್ವಚ್ಛಗೊಳಿಸುವಾಗ ಮುಖಗವಸು, ಕೈಗವಸು ಧರಿಸಿ, ನೀರು ಚಿಮುಕಿಸಿದ ನಂತರವೇ ಗುಡಿಸಿ. ನೀರಿನ ತೊಟ್ಟಿಗೆ ಸದಾ ಮುಚ್ಚಳವಿರಲಿ.

ಮಾಡಬಾರದ ಕಾರ್ಯಗಳು

ಪಟಾಕಿ ಸಿಡಿಸುವುದು, ಹೊಗೆ ಹಾಕುವುದು, ಕವಣೆ ಬೀಸುವುದು, ಅಂಟುಹಲಗೆ ಇಡುವುದು ಇವೆಲ್ಲವೂ ವರ್ಜ್ಯ. ಇಲಿಪಾಷಾಣದ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಬ್ರೊಮಾಡಿಯೋಲೋನ್‌ನಂತಹ ವಿಷವನ್ನು ತಿಂದ ಇಲಿಯು ಒಡನೆಯೇ ಸಾಯದೆ ಕೆಲವು ದಿನ ಓಡಾಡುತ್ತದೆ. ಅದನ್ನು ತಿಂದ ಗೂಬೆಯ ದೇಹಕ್ಕೂ ವಿಷ ಸೇರಿ, ಒಳಗೇ ರಕ್ತಸ್ರಾವವಾಗಿ ಸಾವು ಸಂಭವಿಸಬಹುದು. ಇಲಿಯನ್ನು ನಿಯಂತ್ರಿಸುವ ಹಕ್ಕಿಯನ್ನು ಕಳೆದುಕೊಂಡ ಬಡಾವಣೆಯಲ್ಲಿ ಇಲಿಗಳು ಮತ್ತೆ ಹೆಚ್ಚುತ್ತವೆ.

ಹಕ್ಕಿ ಗಾಯಗೊಂಡಿದ್ದಲ್ಲಿ

ಹಗಲಿನಲ್ಲಿ ಕಾಗೆಗಳ ದಾಳಿಗೆ ಸಿಲುಕಿ ಗೂಬೆಯು ಮನೆಯೊಳಗೆ ಬರುವುದುಂಟು. ಅಂತಹ ಸಂದರ್ಭದಲ್ಲಿ ದೀಪವಾರಿಸಿ, ಫ್ಯಾನ್ ನಿಲ್ಲಿಸಿ, ಕೋಣೆಯ ಬಾಗಿಲು ಮುಚ್ಚಿ ಹೊರಬನ್ನಿ. ಕತ್ತಲಾದ ಬಳಿಕ ಕಿಟಕಿ ತೆರೆದಿಟ್ಟರೆ ಹಕ್ಕಿಯು ಹೊರಹೋಗುತ್ತದೆ. ಗಾಯವಾಗಿದ್ದಲ್ಲಿ ಅಥವಾ ಮರಿಯು ಕೆಳಗೆ ಬಿದ್ದಿದ್ದಲ್ಲಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ ನೆರಳಿನಲ್ಲಿರಿಸಿ. ಹಾಲು, ಅನ್ನ ಅಥವಾ ನೀರನ್ನು ಬಾಯಿಗೆ ಹಾಕಬೇಡಿ. ಕೂಡಲೇ ಅರಣ್ಯ ಸಹಾಯವಾಣಿ 1926ಕ್ಕೆ ಅಥವಾ ಸಮೀಪದ ವಲಯ ಅರಣ್ಯ ಕಚೇರಿಗೆ ಮಾಹಿತಿ ನೀಡಿ. ಹಕ್ಕಿ ಹಿಡಿದುಕೊಡುವುದಾಗಿ ಹಣ ಕೇಳುವ ವ್ಯಕ್ತಿಗಳ ಬಗ್ಗೆಯೂ ಇದೇ ರೀತಿ ತಿಳಿಸಬಹುದಾಗಿದೆ.

ಸಾರ್ವಜನಿಕರಲ್ಲಿ ಮನವಿ

ರಾತ್ರಿಯ ಕೂಗಿನಿಂದ ನಿದ್ರಾಭಂಗವಾಗುವುದು, ಗೋಡೆ ಕೊಳೆಯಾಗುವುದು ನಿಜವಾದ ತೊಂದರೆಗಳೇ ಆಗಿವೆ. ಅವುಗಳಿಗೆ ಪರಿಹಾರ ಬಯಸುವುದು ತಪ್ಪಲ್ಲ. ಆದರೆ ಮೂರು ತಿಂಗಳ ತಾಳ್ಮೆ, ಒಂದು ತುಂಡು ಜಾಲರಿ ಹಾಗೂ ಸ್ವಚ್ಛವಾದ ಹಿತ್ತಲು ಬಹುತೇಕ ಸಂದರ್ಭಗಳಲ್ಲಿ ಸಾಕಾಗುತ್ತದೆ. ಗೂಬೆಗೆ ಹಾನಿಯಾಗದಂತೆ ಈ ಕ್ರಮಗಳನ್ನು ಅನುಸರಿಸಿ, ಅದರ ಅಕ್ರಮ ಸಾಗಣೆಯನ್ನು ತಡೆಯುವಲ್ಲಿ ಸಾರ್ವಜನಿಕರು ಸಹಕರಿಸಬೇಕೆಂದು ಕೋರಲಾಗಿದೆ.