ಮೇಳ ಬೆಳೀಲಿ, ಆದ್ರೆ ಗೆಡ್ಡೆ ಬೆಳೆಯೋ ಸ್ಪೀಡಲ್ಲಿ

ಜನವರಿ ಹತ್ತಿರ ಬಂತಂದ್ರೆ ನಮ್ಮ ಹಾಸ್ಟೆಲ್ ಗ್ರೂಪುಗಳಲ್ಲಿ ಒಂದು ಮೆಸೇಜು ಗ್ಯಾರಂಟಿ: "ಜೊಯಿಡಾದಾಗ ಗೆಡ್ಡೆ-ಗೆಣಸು ಮೇಳ ಐತಿ, ಯಾರ್ಯಾರು ಬರ್ತೀರಿ?" ಹಳಿಯಾಳದಿಂದ ಬೈಕು, ದಾಂಡೇಲಿಯಿಂದ ಬಸ್ಸು, ಮುಂಡಗೋಡದ ಹುಡುಗರಿಂದ ಒಂದು ಕಾರು. ಒಳ್ಳೇದೇ. ಹೋಗಿ ಬಂದ ಮೇಲೆ ಕ್ಯಾಂಟೀನಿನಲ್ಲಿ ಇನ್ನೊಂದು ಮಾತೂ ಗ್ಯಾರಂಟಿ: "ಇದನ್ನ ಇನ್ನೂ ದೊಡ್ಡದಾಗಿ ಮಾಡ್ಬೇಕಲೇ. ದಾಂಡೇಲಿ ಪೇಟೆಯೊಳಗ ಮೂರು ದಿನ ಮಾಡಿದ್ರ, ಒಂದು ಡಿಜೆ, ಒಂದಿಷ್ಟು ಫುಡ್ ಸ್ಟಾಲು ಹಾಕಿದ್ರ ಬೆಂಗಳೂರಿನ ಮಂದಿನೂ ಬರ್ತಾರ."

ಬರ್ತಾರೆ, ಡೌಟೇ ಇಲ್ಲ. ಆದರೆ ಬಂದವರು ಕೊಳ್ಳೋದು ಏನನ್ನ?

ಈ ಮೇಳದ ಮೇಜಿನ ಮೇಲೆ ಇರುವ ಮಾಲು ಎಲ್ಲಿಂದ ಬರುತ್ತೆ ಅಂತ ಒಮ್ಮೆ ಯೋಚನೆ ಮಾಡಿ. ಮುಡ್ಲಿ, ಸುವರ್ಣಗೆಡ್ಡೆ, ಕೆಸು, ಹತ್ತಾರು ಬಗೆಯ ಬಳ್ಳಿಗೆಣಸು, ಇವು ಬಹುತೇಕ ಕುಣಬಿ ಮನೆಗಳ ಹಿತ್ತಲಲ್ಲಿ, ಕಾಡಿನ ಅಂಚಿನ ತುಂಡು ಜಾಗಗಳಲ್ಲಿ ಬೆಳೆದವು. ಜೊಯಿಡಾದಲ್ಲಿ ಎಕರೆಗಟ್ಟಲೆ ಬಯಲು ಇಲ್ಲ. ತಾಲ್ಲೂಕಿನ ಹಳೆ ಹೆಸರು ಸೂಪಾ. ಆ ಊರೇ ಕಾಳಿ ನದಿಯ ಅಣೆಕಟ್ಟಿನ ನೀರಲ್ಲಿ ಮುಳುಗಿತು. ಉಳಿದದ್ದರಲ್ಲಿ ಬಹುಪಾಲು ಕಾಡು. 2007ರಲ್ಲಿ ಅದು ಹುಲಿ ಮೀಸಲು ಪ್ರದೇಶವಾಯಿತು, 2015ರಿಂದ ಅದರ ಹೆಸರು ಕಾಳಿ. ಒಳಗಿನ ಹಳ್ಳಿಗಳವರಿಗೆ ಪರಿಹಾರ ತಗೊಂಡು ಹೊರಗೆ ಹೋಗುವ ಆಯ್ಕೆ ಕೊಟ್ಟಿದ್ದಾರೆ. ಹೋದವರ ಜತೆ ಹಿತ್ತಲು ಹೋಗಲ್ಲ. ಹಿತ್ತಲು ಹೋದರೆ ಅಲ್ಲಿದ್ದ ತಳಿಯೂ ಹೋಯ್ತು, ಯಾಕಂದ್ರೆ ಈ ತಳಿಗಳ ಬೀಜ ಯಾವ ಅಂಗಡಿಯಲ್ಲೂ ಪ್ಯಾಕೆಟ್ಟಿನಲ್ಲಿ ಸಿಗಲ್ಲ.

ಈಗ ನಮಗೆ ಗೊತ್ತಿರೋ ಭಾಷೆಯಲ್ಲೇ, ಅಂದ್ರೆ ಲೆಕ್ಕದಲ್ಲಿ, ಮಾತಾಡೋಣ. ಭತ್ತದ ಒಂದು ಕಾಳು ನೆಟ್ಟರೆ ನೂರಕ್ಕೂ ಮೇಲೆ ಕಾಳು. ಗೆಡ್ಡೆಯ ಕಥೆ ಹಂಗಲ್ಲ. ಇಲ್ಲಿ ತಿನ್ನೋದೂ ಅದೇ, ಬಿತ್ತೋದೂ ಅದೇ. ಸುವರ್ಣಗೆಡ್ಡೆಯಲ್ಲಿ ಸಾಮಾನ್ಯ ಪದ್ಧತಿಯಲ್ಲಿ ಒಂದು ಕಿಲೋ ನೆಟ್ಟರೆ ಬರೋದು ಸುಮಾರು ನಾಲ್ಕು ಕಿಲೋ. ಒಬ್ಬ ಅಕ್ಕನ ಮನೆಯಲ್ಲಿ ಈ ವರ್ಷ 100 ಕಿಲೋ ಬೆಳೆದಿದೆ ಅಂತಿಟ್ಟುಕೊಳ್ಳಿ. ಮುಂದಿನ ವರ್ಷವೂ ಅಷ್ಟೇ ಬೇಕಂದ್ರೆ 25 ಕಿಲೋ ಬೀಜಕ್ಕೆ ಎತ್ತಿಟ್ಟು 75 ಮಾರಬಹುದು. ಮುಂದಿನ ವರ್ಷ ಡಬಲ್ ಬೇಕಂದ್ರೆ 50 ಎತ್ತಿಡಬೇಕು, ಅಂದ್ರೆ ಈ ವರ್ಷ ಮಾರೋಕೆ ಉಳಿಯೋದು 50 ಮಾತ್ರ. ಮೇಳಕ್ಕೆ ಜನ ಮುಗಿಬಿದ್ದು, ಒಳ್ಳೆ ರೇಟು ಬಂತು ಅಂತ 90 ಕಿಲೋ ಮಾರಿಬಿಟ್ಟರೆ? ಉಳಿದ ಹತ್ತು ಕಿಲೋದಿಂದ ಮುಂದಿನ ವರ್ಷ ಬರೋದು ನಲವತ್ತು.

ಒಂದು ರೀಲಿಗೆ ಲಕ್ಷ ವ್ಯೂ ಬಂದರೆ ಜನ ಒಂದೇ ವರ್ಷದಲ್ಲಿ ನಾಲ್ಕು ಪಟ್ಟು ಆಗ್ತಾರೆ. ಮುಡ್ಲಿ ಮಾತ್ರ ಮುಂಗಾರಿಗೆ ನೆಟ್ಟು ಚಳಿಗಾಲಕ್ಕೇ ಕೀಳಬೇಕು, ಅದಕ್ಕೆ ಅಪ್‌ಡೇಟ್ ಇಲ್ಲ. ಜನ ಮತ್ತು ಗೆಡ್ಡೆಯ ನಡುವಿನ ಈ ಅಂತರವನ್ನ ತುಂಬೋದು ಯಾರು? ಸಗಟು ಮಾರುಕಟ್ಟೆಯಿಂದ ಚೀಲಗಟ್ಟಲೆ ಗೆಣಸು ತಂದು ಸುರಿಯುವ ವ್ಯಾಪಾರಿ. ಅವರದೂ ಹೊಟ್ಟೆಪಾಡೇ, ತಪ್ಪಲ್ಲ. ಆದರೆ ಅವರ ಪಕ್ಕದಲ್ಲಿ ಕೂತ ಅಕ್ಕ ಅದೇ ರೇಟಿಗೆ ಇಳಿಯಬೇಕಾಗುತ್ತೆ. ಹೊರಗಿನಿಂದ ಬಂದವರಿಗೆ ಎರಡೂ ಮಣ್ಣು ಮೆತ್ತಿದ ಗೆಡ್ಡೆಯೇ, ವ್ಯತ್ಯಾಸ ಹೆಂಗ್ ಗೊತ್ತಾಗ್ಬೇಕು?

ಬೆಂಗಳೂರಿನ ಬಸವನಗುಡಿಯ ಕಡಲೆಕಾಯಿ ಪರಿಷೆ ಅಷ್ಟು ದೊಡ್ಡದಾಗಿಲ್ವಾ ಅಂತ ಕೇಳಬಹುದು. ಆಗಿದೆ. ಕಾರ್ತಿಕ ಮಾಸದ ಕೊನೆ ಸೋಮವಾರ ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡೋಕೆ ಜಾಗ ಇರಲ್ಲ. ಬಿಎಂಎಸ್ ಕಾಲೇಜಿನ ಗೆಳೆಯರನ್ನ ಕೇಳಿ, ಗೇಟಿನ ಮುಂದೆಯೇ ಪರಿಷೆ. ಆದರೆ ಕಡಲೆಕಾಯಿ ನಮ್ಮ ರಾಜ್ಯದ ಹಲವು ಜಿಲ್ಲೆಗಳಲ್ಲಿ ಬೆಳೆಯುತ್ತೆ, ಆಂಧ್ರ, ತಮಿಳುನಾಡಿನಿಂದಲೂ ಲಾರಿಯಲ್ಲಿ ಬರುತ್ತೆ. ಪರಿಷೆ ಎಷ್ಟು ಉದ್ದ ಆದರೂ ಮಾಲು ಸಿಗುತ್ತೆ. ಜೊಯಿಡಾದ ಹಿತ್ತಲಿಗೆ ಅಂಥ ಲಾರಿ ಇಲ್ಲ. ಹಾಗಾಗಿ ಪರಿಷೆಯಿಂದ ನಾವು ಕಲಿಯಬೇಕಾದ್ದು ಅದರ ಸೈಜಲ್ಲ, ಇತ್ತೀಚೆಗೆ ಅಲ್ಲಿ ಪ್ಲಾಸ್ಟಿಕ್ ಬೇಡ, ಕೈಚೀಲ ತನ್ನಿ ಅಂತ ನಡೆಸಿರುವ ಪ್ರಯತ್ನವನ್ನ.

ಜನ ಸೇರೋದೇ ಗೆಲುವು ಅಂದುಕೊಂಡರೆ ಏನಾಗುತ್ತೆ ಅನ್ನೋದಕ್ಕೆ ದೂರದ ಒಂದು ಉದಾಹರಣೆ ಕೊಡ್ತೀನಿ, ಯಾಕಂದ್ರೆ ಅದರಲ್ಲಿ ಕಾಲೇಜು ಹುಡುಗರ ಪಾತ್ರವೂ ಇದೆ. ಅಕ್ಟೋಬರ್ ಕೊನೆಗೆ ಇನ್‌ಸ್ಟಾ ತುಂಬಾ ಕಾಣೋ ಹ್ಯಾಲೊವೀನ್ ಕುಂಬಳಕಾಯಿ ಮುಖಗಳು ಗೊತ್ತಲ್ಲ? ಅಂದಹಾಗೆ, ಐರ್ಲೆಂಡ್, ಸ್ಕಾಟ್ಲೆಂಡಿನ ಮಂದಿ ಮೊದಲು ಮುಖ ಕೆತ್ತುತ್ತಿದ್ದುದು ಟರ್ನಿಪ್ ಗೆಡ್ಡೆಯಲ್ಲಿ. ಅಮೆರಿಕಕ್ಕೆ ವಲಸೆ ಹೋದ ಮೇಲೆ ಕುಂಬಳಕಾಯಿ ಸಿಕ್ಕಿತು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಕೀನ್ ಅನ್ನೋ ಸಣ್ಣ ಊರಿನವರು 1991ರಲ್ಲಿ ತಮ್ಮ ಪೇಟೆಬೀದಿಯಲ್ಲಿ ಕೆಲವು ನೂರು ಕುಂಬಳಕಾಯಿ ದೀಪ ಇಟ್ಟು ಹಬ್ಬ ಶುರು ಮಾಡಿದರು. ವರ್ಷ ವರ್ಷ ಸಂಖ್ಯೆ ಏರಿ, 2013ರಲ್ಲಿ ಒಟ್ಟಿಗೆ 30,581 ದೀಪ ಹೊತ್ತಿಸಿ ವಿಶ್ವದಾಖಲೆ ಮಾಡಿದರು. ಮರುವರ್ಷ, 2014ರಲ್ಲಿ, ಹಬ್ಬದ ದಿನವೇ ಅಲ್ಲಿನ ಕಾಲೇಜಿನ ಸುತ್ತಮುತ್ತ ಪಾರ್ಟಿಗಳು ಗಲಭೆಗೆ ತಿರುಗಿದವು. ಬಾಟಲಿ ಎಸೆತ, ಅಶ್ರುವಾಯು, ಬಂಧನ. 2015ರಲ್ಲಿ ನಗರಾಡಳಿತ ಪರ್ಮಿಷನ್ನೇ ಕೊಡಲಿಲ್ಲ. ಹಬ್ಬ ಬೇರೆ ಊರಿಗೆ ಹೋಯಿತು. 2017ರಲ್ಲಿ ಕೀನ್‌ಗೆ ವಾಪಸ್ ಬಂದಾಗ ಅದು ಶಾಲಾ ಮಕ್ಕಳ ಪುಟ್ಟ ಹಬ್ಬ. ಕುಂಬಳಕಾಯಿ ಇಟ್ಟವರು ಯಾರೂ ಕಲ್ಲು ತೂರಲಿಲ್ಲ. ಹಬ್ಬಕ್ಕೂ ತಮಗೂ ಸಂಬಂಧವೇ ಇಲ್ಲದೆ ಬರೀ ಮಜಾಕ್ಕೆ ನೆರೆದವರಿಂದ ಹಬ್ಬ ಹಾಳಾಯಿತು.

ದೂರ ಯಾಕೆ, 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಎಲ್ಲ ಸೌಕರ್ಯ ಇರೋ ರಾಜಧಾನಿಯಲ್ಲೇ ಹೀಗಾದರೆ, ಜೊಯಿಡಾದಂಥ ಪುಟ್ಟ ಊರಲ್ಲಿ ಜನ ಬಂದಾಗ ನೋಡ್ಕೊಂಡ್ರಾಯ್ತು ಅನ್ನೋ ಮಾತು ನಡೆಯಲ್ಲ.

ಹಂಗಂತ ಮೇಳ ಈಗಿದ್ದಷ್ಟೇ ಇರಲಿ ಅಂತ ನಾನು ಹೇಳ್ತಿಲ್ಲ. ಜನ ಬಂದ್ರೇ ದುಡ್ಡು, ದುಡ್ಡು ಬಂದ್ರೇ ಮುಂದಿನ ಪೀಳಿಗೆ ಹಿತ್ತಲು ಉಳಿಸುತ್ತೆ ಅನ್ನೋ ವಾದದಲ್ಲಿ ಹುರುಳಿದೆ. ಸಂಸ್ಕೃತಿ ಅಂತ ಹಾಡಿ ಹೊಗಳಿದರೆ ಯಾರ ಮನೆಯ ಒಲೆಯೂ ಉರಿಯಲ್ಲ. ಗೋವಾದಲ್ಲಿ ಕುಣಬಿಗಳು 2003ರಲ್ಲೇ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದಾರೆ. ಗಡಿಯ ಈಚೆ ಇರೋ ನಮ್ಮವರು ಅದಕ್ಕಾಗಿ ವರ್ಷಗಳಿಂದ ಕೇಳ್ತಾ ಇದ್ದಾರೆ. ಅಂಥವರಿಗೆ ವರ್ಷಕ್ಕೊಮ್ಮೆ ತಮ್ಮ ಮಾಲಿಗೆ ತಾವೇ ಬೆಲೆ ಹೇಳುವ ಜಾಗ ಈ ಮೇಳ. ಅದಕ್ಕೇ ಹೇಳ್ತಿರೋದು, ಬೆಳೆಯೋ ಸ್ಪೀಡನ್ನ ಅವರೇ ತೀರ್ಮಾನಿಸಲಿ.

ನನಗೆ ತೋಚಿದ ನಾಲ್ಕು ನಿಯಮ ಇವು. ಒಂದು, ಬೆಳೆದವರೇ ಮಾರಬೇಕು. ಪ್ರತಿ ಮೇಜಿನ ಮೇಲೆ ಊರಿನ ಹೆಸರು, ತಳಿಯ ಹೆಸರು ಬರೆದ ಹಲಗೆ ಇರಬೇಕು. ಎರಡು, ಮೇಳದ ಮೊದಲ ಎರಡು ತಾಸು ಬೀಜದ ಗೆಡ್ಡೆಯ ಅದಲುಬದಲಿಗೆ ಮೀಸಲು, ಬೆಳೆಗಾರರಿಗೆ ಮಾತ್ರ. ಹೊರಗಿನವರಿಗೆ ಮಾರಾಟ ಆಮೇಲೆ. ಮೂರು, ಮಾಲು ಮುಗೀತಂದ್ರೆ ಮುಗೀತು. ಮಧ್ಯಾಹ್ನಕ್ಕೇ ಮೇಜು ಖಾಲಿಯಾದರೆ ಅದು ಆಯೋಜಕರ ಸೋಲಲ್ಲ. ನಾಲ್ಕು, ಕಾರುಗಳು ದಾಂಡೇಲಿಯಲ್ಲೇ ನಿಲ್ಲಲಿ, ಅಲ್ಲಿಂದ ಮುಂದೆ ಸಾರಿಗೆ ಬಸ್ಸು ಓಡಲಿ.

ಇದರಲ್ಲಿ ನಮಗೇನು ಕೆಲಸ? ಬಹಳ ಇದೆ. ಸಿವಿಲ್‌ನವರು ಮೈದಾನ ಅಳೆದು ಒಮ್ಮೆಗೆ ಎಷ್ಟು ಜನ ಆರಾಮಾಗಿ ಓಡಾಡಬಹುದು, ಒಳಗೆ ಬರೋ ದಾರಿ, ಹೊರಗೆ ಹೋಗೋ ದಾರಿ ಎಲ್ಲಿರಬೇಕು ಅಂತ ನಕ್ಷೆ ಹಾಕಿ ಕೊಡಬಹುದು. ಕಂಪ್ಯೂಟರ್ ಸೈನ್ಸ್‌ನವರು ಗೇಟಿನಲ್ಲಿ ಜನರ ಎಣಿಕೆ, ಯಾವ ತಳಿ ಎಷ್ಟು ಕಿಲೋ ಬಂತು, ಎಷ್ಟಕ್ಕೆ ಹೋಯ್ತು ಅನ್ನೋ ಲೆಕ್ಕ ಬರೆದಿಡಬಹುದು. ಮೂರು ವರ್ಷದ ಲೆಕ್ಕ ಕೈಲಿದ್ದರೆ ಮೇಳ ಎಷ್ಟು ಬೆಳೀಬಹುದು ಅಂತ ಹೇಳೋಕೆ ಯಾರ ಊಹೆಯೂ ಬೇಡ. ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯವರು ಗೆಡ್ಡೆಯನ್ನ ನೂರು ಗ್ರಾಂ ತುಂಡು ಮಾಡಿ ನೆಟ್ಟು ಬೀಜ ಹೆಚ್ಚಿಸುವ ವಿಧಾನ ರೂಪಿಸಿದ್ದಾರೆ. ಆಸಕ್ತಿ ಇರೋ ಮನೆಗಳಿಗೆ ಅದನ್ನ ತಲುಪಿಸೋದು ಒಂದು ಒಳ್ಳೆ ಎನ್ಎಸ್ಎಸ್ ಕ್ಯಾಂಪಿನ ಕೆಲಸ. ಇದೆಲ್ಲಾ ಅವರು ಒಪ್ಪಿದರೆ ಮಾತ್ರ. ಮೊದಲು ಹೋಗಿ ಕೇಳಬೇಕು, ಪ್ರಾಜೆಕ್ಟ್ ರಿಪೋರ್ಟು ಹಿಡ್ಕೊಂಡು ಹೋಗಿ ಹೇಳೋದಲ್ಲ.

ಮುಂದಿನ ಮೇಳಕ್ಕೆ ಹೋಗೋರು ಒಂದು ಚೀಲ ತಗೊಂಡು ಬಸ್ಸು ಹತ್ತಿ. ಸೆಲ್ಫಿಗೆ ಮುಂಚೆ ಅಕ್ಕನ್ನ ಒಂದು ಪ್ರಶ್ನೆ ಕೇಳಿ: "ಅಕ್ಕಾ, ಬೀಜಕ್ಕ ಎತ್ತಿಟ್ಟೀರಿಲ್ಲೋ?" ಹೌದು ಅಂದ್ರೆ ಧಾರಾಳ ಕೊಳ್ಳಿ. ಇಲ್ಲ ಅಂದ್ರೆ ಒಂದು ಕಿಲೋ ಕಮ್ಮಿ ಕೊಳ್ಳಿ.